ಎಳೆ ಕಡಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆಯೇ?

ಪ್ರಶ್ನೆ: ಚುಕ್ಕಿಗಳ ಸುತ್ತ ಗೆರೆ ಸುತ್ತಿಸಿ ಹಾಕುವ ಎಳೆ ರಂಗೋಲಿಯನ್ನು ಕೈ ಎತ್ತದೆ ಒಂದೇ ಸಲಕ್ಕೆ ಮುಗಿಸಬೇಕು, ನಡುವೆ ಎಳೆ ಕಡಿದರೆ ಮನೆಗೆ ಒಳ್ಳೆಯದಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ನನಗೆ ಹಾಗೆ ಹಾಕಲು ಬರುವುದೇ ಇಲ್ಲ. ಏನು ಮಾಡಲಿ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಕೈ ಎತ್ತಿ. ಹಿಟ್ಟು ತೆಗೆದುಕೊಳ್ಳಿ. ಬಿಟ್ಟಲ್ಲಿಂದ ಮುಂದುವರಿಸಿ.

ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ ಈ ಪ್ರಶ್ನೆ ಬರುತ್ತದೆ. ಪ್ರತಿ ಸಲ ಇಷ್ಟೇ ಹೇಳಿ ಮುಗಿಸುತ್ತಿದ್ದೆ, ಯಾರೂ ನಂಬಲಿಲ್ಲ. ಈ ಸಲ ಲೆಕ್ಕ ಮಾಡಿಯೇ ತೋರಿಸುತ್ತೇನೆ.

ಮೊದಲು ಸ್ವಸ್ತಿಕವನ್ನು ತೆಗೆದುಕೊಳ್ಳಿ. ಅದಕ್ಕಿಂತ ಮಂಗಳಕರವಾದ ಗುರುತು ನಮ್ಮ ಹೊಸ್ತಿಲಲ್ಲಿ ಇನ್ನಾವುದಿದೆ? ಅದಕ್ಕೆ ನಾಲ್ಕು ತುದಿಗಳು. ಕೈ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಹಾಯದೆ ಚಿತ್ರ ಮುಗಿಸಬೇಕೆಂದರೆ ಶುರುವಾಗುವುದಕ್ಕೊಂದು, ಮುಗಿಯುವುದಕ್ಕೊಂದು, ಎರಡೇ ತುದಿ ಇರಬಹುದು. ಉಳಿದ ಎರಡನ್ನು ಏನು ಮಾಡುತ್ತೀರಿ? ಅಂದರೆ ಕೈ ಎತ್ತದೆ ಸ್ವಸ್ತಿಕವನ್ನು ಹಾಕಲು ಯಾರಿಂದಲೂ ಆಗದು. ಲಕ್ಷ್ಮಿಯ ಪಾದಗಳೂ ಎರಡು, ಬೇರೆ ಬೇರೆ. ಕೈ ಎತ್ತಿದರೆ ಲಕ್ಷ್ಮಿ ಹೋಗುವುದಾದರೆ ಅವಳ ಎಡಪಾದ ಬರೆದು ಬಲಪಾದಕ್ಕೆ ಹೋಗುವಷ್ಟರಲ್ಲೇ ಹೋಗಬೇಕಿತ್ತು.

ಎಳೆ ರಂಗೋಲಿಯ ಮಾತೇ ಬೇರೆ ಎನ್ನುವಿರಾ? ಸರಿ. ಸಾಲಿಗೆ ಮೂರರಂತೆ ಮೂರು ಸಾಲು ಚುಕ್ಕಿ ಇಡಿ. ಅಕ್ಕಪಕ್ಕದ ಯಾವ ಎರಡು ಚುಕ್ಕಿಗಳ ನಡುವೆಯೂ ಎಳೆಗಳು ಒಂದನ್ನೊಂದು ದಾಟಬೇಕು, ಅಂಚಿಗೆ ಬಂದಾಗ ಮಾತ್ರ ತಿರುಗಬೇಕು. ಹೀಗೆ ಸುತ್ತುತ್ತ ಹೋದರೆ ನಿಮ್ಮ ಎಳೆ ಹೊರಟಲ್ಲಿಗೇ ಮರಳಿ ಬಂದುಬಿಡುತ್ತದೆ, ರಂಗೋಲಿ ಮಾತ್ರ ಮುಗಿದಿರುವುದಿಲ್ಲ. ಅಲ್ಲಿ ಇರುವುದೇ ಮೂರು ಬೇರೆ ಬೇರೆ ಎಳೆ. ಮೂರು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಟ್ಟು ನೋಡಿ: ಒಂದೇ ಎಳೆ! ನಾಲ್ಕು ಸಾಲು, ಸಾಲಿಗೆ ಆರು ಇಟ್ಟರೆ ಎರಡು. ಶಾಲೆಯಲ್ಲಿ ಕಲಿತು ಮರೆತ ಮ.ಸಾ.ಅ. ನೆನಪಿದೆಯೇ? ಸಾಲುಗಳ ಸಂಖ್ಯೆ ಮತ್ತು ಸಾಲಿನ ಚುಕ್ಕಿಗಳ ಸಂಖ್ಯೆ, ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಎಳೆಗಳು. ಭಕ್ತಿ ಹೆಚ್ಚಾದರೆ ಮ.ಸಾ.ಅ. ಕಡಿಮೆಯಾಗುವುದಿಲ್ಲ.

ಬೇಕೆಂದೇ ಒಂದೇ ಎಳೆ ಬರುವಂತೆ ಮಾಡುವ ಜಾಣೆಯರಿದ್ದಾರೆ. ಎರಡು ಬೇರೆ ಎಳೆಗಳು ದಾಟುವ ಒಂದು ಕಡೆ ದಾಟಿಸದೆ ತಿರುಗಿಸಿಬಿಟ್ಟರೆ ಎರಡೂ ಕೂಡಿ ಒಂದಾಗುತ್ತವೆ. ಕೈಚಳಕ ದೊಡ್ಡದು, ಹೊಗಳೋಣ. ಆದರೆ ಬಲ್ಲವರ ಚಮತ್ಕಾರವನ್ನು ಬಾರದವರ ತಲೆಗೆ ಶಾಸ್ತ್ರವೆಂದು ಕಟ್ಟುವುದೇಕೆ? ಹೆಬ್ಬೆರಳು ತೋರುಬೆರಳಿನ ನಡುವಿನ ಚಿಟಿಕೆ ಹಿಟ್ಟು ಎಷ್ಟು ದೂರ ಬಂದೀತು? ಅಂಗಳ ತುಂಬುವ ರಂಗೋಲಿಗೆ ಅತ್ತೆಯವರೂ ಹತ್ತಾರು ಸಲ ಬಟ್ಟಲಿಗೆ ಕೈ ಹಾಕುತ್ತಾರೆ. ನಾಳೆ ಬೆಳಿಗ್ಗೆ ಪಕ್ಕದಲ್ಲಿ ನಿಂತು ನೋಡಿ. ಎಣಿಸಿದ್ದನ್ನು ಬಾಯಿಬಿಟ್ಟು ಹೇಳಬೇಡಿ.

ಎಳೆ ಕೂಡಿರಬೇಕು, ಸಂದು ಬಿಡಬಾರದು ಎಂಬ ಮಾತು ನಿಜ. ಅದು ಮುಗಿದ ರಂಗೋಲಿಗೆ ಸಂಬಂಧಿಸಿದ್ದು, ಕೈಗಲ್ಲ. ಕೈ ಎತ್ತಿದ ಗುರುತು ಕಾಣದಿರಲು ಹಳೆಯ ಗೆರೆಯ ಮೇಲೆ ತುಸು ಹಿಂದಿನಿಂದಲೇ ಹಿಟ್ಟು ಬಿಡುತ್ತ ಬನ್ನಿ, ಸಾಕು.

ಯಾರೂ ಕೇಳದ, ಆದರೆ ಎಲ್ಲರೂ ಎಡವುವ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಿಮ್ಮ ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಹಿಟ್ಟಿನ ಜೊತೆ ರಂಗೋಲಿ ಪುಸ್ತಕವನ್ನೂ ಕೊಂಡು ತರುತ್ತೀರಿ. ಅದರಲ್ಲಿ ‘7ರಿಂದ 4, ಸಂದು ಚುಕ್ಕಿ’ ಎಂದಿದ್ದರೆ ಮೇಲಿನಿಂದ ಶುರು ಮಾಡಬೇಡಿ. ನಡುವಿನ ಸಾಲಿಗೆ 7 ಇಟ್ಟು, ಮೇಲೂ ಕೆಳಗೂ 6, 5, 4 ಎಂದು ಇಳಿಯಿರಿ. ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರಬೇಕು. ಒಟ್ಟು 37. ‘7ರಿಂದ 1, ನೇರ ಚುಕ್ಕಿ’ ಎಂದಿದ್ದರೆ 7, 5, 3, 1 ಎಂದು ಎರಡೆರಡು ಕಡಿಮೆಯಾಗುತ್ತವೆ, ಚುಕ್ಕಿಯ ನೇರಕ್ಕೇ ಚುಕ್ಕಿ. ಒಟ್ಟು 25. ಈ ಎರಡನ್ನು ಬೆರೆಸಿಕೊಂಡು ‘ಪುಸ್ತಕದಲ್ಲೇ ತಪ್ಪಿದೆ’ ಎನ್ನುವವರ ಸಂಖ್ಯೆ ಕಡಿಮೆಯೇನಲ್ಲ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ 37 ಚುಕ್ಕಿಯನ್ನು ಅಂಗಳದಲ್ಲಿ ಇಡಲು ಹೋಗಬೇಡಿ. ಸೂರಿನ ಕೆಳಗೆ, ಬಾಗಿಲ ಹತ್ತಿರ ಇಡಿ. ನೆಲ ಟೈಲ್ಸ್‌ನದಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಪಸೆ ಆರುವ ಮೊದಲೇ ಚುಕ್ಕಿ ಇಟ್ಟುಬಿಡಿ, ಹಿಟ್ಟು ಜಾರುವುದಿಲ್ಲ.