ಬಣ್ಣ ಬರುವ ಮುಂಚಿನ ಎಡೋ: ಮರದಚ್ಚು ಚಿತ್ರಗಳ ಟಿಪ್ಪಣಿ

ಜಪಾನಿನ ಮರದಚ್ಚು ಚಿತ್ರ ಅಂದ ಕೂಡಲೇ ಹೊಕುಸಾಯ್‌ನ ದೊಡ್ಡ ನೀಲಿ ಅಲೆ ನೆನಪಾಗುತ್ತದೆ, ಅಲ್ವಾ? ಅದು 1830ರ ಆಸುಪಾಸಿನದು. ಈ ಟಿಪ್ಪಣಿ ಅದಕ್ಕಿಂತ ತುಂಬಾ ಹಿಂದಿನ ಕಾಲದ್ದು, ಸುಮಾರು 1670ರಿಂದ 1765ರವರೆಗೆ. ಶುರುವಿನಲ್ಲಿ ನೀಲಿ ಬಿಡಿ, ಯಾವ ಬಣ್ಣವೂ ಇರಲಿಲ್ಲ. ಬರೀ ಕಪ್ಪು ಮಸಿ.

ಮೊದಲು ಊರನ್ನು ನೋಡೋಣ. ಎಡೋ ಅಂದರೆ ಇವತ್ತಿನ ಟೋಕಿಯೊ. 1657ರ ಬೆಂಕಿಯಲ್ಲಿ ಊರಿನ ಅರ್ಧಕ್ಕೂ ಜಾಸ್ತಿ ಸುಟ್ಟುಹೋಯಿತು. ಮತ್ತೆ ಕಟ್ಟಬೇಕಲ್ಲ, ಬಡಗಿಗಳಿಗೂ ಮರದ ವ್ಯಾಪಾರಿಗಳಿಗೂ ಕೈತುಂಬ ಕೆಲಸ. ಇನ್ನೊಂದು ಕಡೆ, ಪ್ರಾಂತ್ಯಗಳ ದೊರೆಗಳು ಸರದಿಯ ಮೇಲೆ ಎಡೋಗೆ ಬಂದು ಇರಲೇಬೇಕೆಂಬ ನಿಯಮ 1635ರಿಂದಲೇ ಇತ್ತು. ದೊರೆಯ ಹಿಂದೆ ಪರಿವಾರ, ಪರಿವಾರದ ಹಿಂದೆ ಖರ್ಚು. ಆ ದುಡ್ಡೆಲ್ಲ ಅಂಗಡಿಯವರ ಕೈ ಸೇರಿತು. ಆದರೆ ದುಡ್ಡು ಬಂದಷ್ಟಕ್ಕೇ ವರ್ತಕರಿಗೆ ಸಮಾಜದಲ್ಲಿ ಮೇಲಿನ ಮಣೆ ಸಿಗಲಿಲ್ಲ. ಹಾಗಾಗಿ ಕಬುಕಿ ನಾಟಕಕ್ಕೆ, ಬಟ್ಟೆಬರೆಗೆ, ಯೋಶಿವಾರಾ ಎಂಬ ವೇಶ್ಯೆಯರ ಕೇರಿಗೆ ಸುರಿದರು. ಚಿತ್ರಗಳಲ್ಲಿ ಕಾಣುವುದೂ ಹೆಚ್ಚಾಗಿ ಇವೇ.

ಇವುಗಳ ಹೆಸರು 'ಉಕಿಯೊ-ಎ'. 'ಎ' ಅಂದರೆ ಚಿತ್ರ. 'ಉಕಿಯೊ' ಮೂಲದಲ್ಲಿ ಬೌದ್ಧರ ಮಾತು, ದುಃಖದ ಲೋಕ ಅಂತ. ಉಚ್ಚಾರ ಹಾಗೇ ಇಟ್ಟು ಬೇರೆ ಅಕ್ಷರ ಬರೆದರೆ 'ತೇಲುವ ಲೋಕ' ಆಗುತ್ತದೆ. ನಾವು ವೈರಾಗ್ಯಕ್ಕೆ 'ನೀರ ಮೇಲಿನ ಗುಳ್ಳೆ' ಅಂತೀವಲ್ಲ, ಎಡೋದವರು ಗುಳ್ಳೆ ಒಡೆಯುವ ಮುಂಚೆ ಒಂದಿಷ್ಟು ಮಜಾ ಮಾಡೋಣ ಅಂದರು.

ಹಿಶಿಕಾವಾ ಮೊರೊನೊಬು ಎಂಬ ಚಿತ್ರಗಾರ ಇಲ್ಲಿ ಮುಖ್ಯ. ಈಗಿನ ಚಿಬಾ ಪ್ರಾಂತ್ಯದ ಹೊದಾ ಅವನ ಊರು. ಮನೆತನದ ಕಸುಬು ಬಟ್ಟೆಗೆ ಚಿನ್ನ, ಬೆಳ್ಳಿ ಎಳೆಯ ಕಸೂತಿ. ಅವನು ಬರೆದ ಹೆಂಗಸರ ಕಿಮೊನೊ ನೋಡಿದರೆ ಅದು ಗೊತ್ತಾಗುತ್ತದೆ: ಮುಖಗಳು ಬಹುತೇಕ ಒಂದೇ ತರ, ಬಟ್ಟೆ ಮಾತ್ರ ಒಂದೊಂದೂ ಬೇರೆ. ಅವನ ಸಹಿ ಇರುವ ಮೊದಲ ಪುಸ್ತಕ 1672ರದು. ಪುಸ್ತಕದಲ್ಲಿ ಮಾತಿನ ಜೊತೆ ಬರುತ್ತಿದ್ದ ಚಿತ್ರ ಆಮೇಲೆ ಬಿಡಿ ಹಾಳೆಯಾಗಿ ಮಾರಾಟಕ್ಕೆ ಬಂತು. ಯೋಶಿವಾರಾದ ಒಳಹೊರಗನ್ನು ತೋರಿಸುವ 12 ಹಾಳೆಗಳ ಸರಣಿಯನ್ನು ನೋಡಿ. ಅಡುಗೆಮನೆಯನ್ನೂ ಬಿಟ್ಟಿಲ್ಲ.

ಒಂದು ಎಚ್ಚರಿಕೆ. ಅವನ 'ಹಿಂತಿರುಗಿ ನೋಡುವ ಚೆಲುವೆ' ಅಚ್ಚು ಅಲ್ಲ, ರೇಷ್ಮೆಯ ಮೇಲೆ ಕುಂಚದಿಂದ ಬರೆದದ್ದು. ನಾನು ಒಂದು ಪರೀಕ್ಷೆಯಲ್ಲಿ ಅದನ್ನು ಅಚ್ಚು ಅಂತ ಧೈರ್ಯವಾಗಿ ಬರೆದು ಅಂಕ ಕಳೆದುಕೊಂಡೆ.

ಅಚ್ಚಿನ ಕೆಲಸ ಒಬ್ಬನದಲ್ಲ. ಪ್ರಕಾಶಕ ಬಂಡವಾಳ ಹಾಕುತ್ತಾನೆ, ಚಿತ್ರಗಾರ ತೆಳು ಕಾಗದದ ಮೇಲೆ ಬರೆಯುತ್ತಾನೆ. ಕೆತ್ತುವವನು ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆ ಉಳಿಸಿ ಮಿಕ್ಕಿದ್ದನ್ನೆಲ್ಲ ಕೆತ್ತುತ್ತಾನೆ. ಒತ್ತುವವನು ಮಸಿ ಬಳಿದು, ಕಾಗದ ಹಾಸಿ, ಬೆನ್ನಿನ ಮೇಲೆ ಉಜ್ಜುತ್ತಾನೆ. 'ಮೂಲ ಚಿತ್ರ ಎಲ್ಲಿದೆ?' ಅಂತ ಕೇಳಿದರೆ ಉತ್ತರ ಸುಲಭ: ಕೆತ್ತುವಾಗಲೇ ಹಾಳಾಯಿತು.

ನಾಟಕದ ಕಡೆ ತೋರಿಯಿ ಎಂಬ ಚಿತ್ರಗಾರರ ಮನೆತನ. ಆ ಮನೆತನದ ಕಿಯೊನೊಬು ಬರೆದ ನಟರ ಕಾಲು ಸೋರೆಬುರುಡೆಯ ಹಾಗೆ, ಗೆರೆ ಎರೆಹುಳುವಿನ ಹಾಗೆ. ಇದು ಬೈಗುಳ ಅಲ್ಲ, ಜಪಾನೀಯರೇ ಆ ಶೈಲಿಗೆ ಇಟ್ಟ ಹೆಸರು. ವೇದಿಕೆಯ ಅಬ್ಬರ ಕಾಗದದಲ್ಲಿ ಬರಬೇಕಾದರೆ ಗೆರೆಯೇ ಕುಣಿಯಬೇಕು.

ಬಣ್ಣ ಮೆಲ್ಲಗೆ ಬಂತು. ಮೊದಲು ಕಪ್ಪು ಅಚ್ಚಿನ ಮೇಲೆ ಸೀಸದಿಂದ ಮಾಡಿದ ಕಿತ್ತಳೆ ಬಣ್ಣವನ್ನು ಕೈಯಲ್ಲೇ ಹಚ್ಚುತ್ತಿದ್ದರು. ಆಮೇಲೆ 'ಬೆನಿ' ಎಂಬ ನಸುಗೆಂಪು. ಇದು ಕುಸುಬೆ ಹೂವಿನ ಬಣ್ಣ, ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಎಣ್ಣೆಗೆ ಬೆಳೆಯುತ್ತಾರಲ್ಲ, ಅದೇ ಕುಸುಬೆ. ಕೆಲವರು ಮಸಿಗೆ ಅಂಟು ಬೆರೆಸಿ ಅರಗಿನ ಹೊಳಪು ತಂದರು, ಹಿತ್ತಾಳೆ ಪುಡಿಯನ್ನೂ ಉದುರಿಸಿದರು. 1740ರ ದಶಕದಲ್ಲಿ ಕೆಂಪಿಗೂ ಹಸಿರಿಗೂ ಬೇರೆ ಬೇರೆ ಹಲಗೆ ಬಂದವು. ಕಾಗದ ಜರುಗದಂತೆ ಹಲಗೆಯ ಮೂಲೆಯಲ್ಲೊಂದು, ಅಂಚಿನಲ್ಲೊಂದು ಗುರುತು ಕೆತ್ತುತ್ತಿದ್ದರು. ಅದರ ಹೆಸರು 'ಕೆಂಟೊ'. 1765ರಲ್ಲಿ ಸುಜುಕಿ ಹರುನೊಬು, ತಿಂಗಳ ಲೆಕ್ಕ ಬಚ್ಚಿಟ್ಟ ಕ್ಯಾಲೆಂಡರ್ ಚಿತ್ರಗಳನ್ನು ಶ್ರೀಮಂತ ಹವ್ಯಾಸಿಗಳಿಗಾಗಿ ಹಲವು ಬಣ್ಣಗಳಲ್ಲಿ ಮಾಡಿಕೊಟ್ಟ. ಅಲ್ಲಿಗೆ ಕಪ್ಪುಬಿಳುಪಿನ ಕಾಲ ಮುಗಿಯಿತು.

ಚಿತ್ರ ಎದುರಿಗಿದ್ದಾಗ ಗೆರೆಯ ಅಂಚು ನೋಡಿ. ಬಣ್ಣ ಒಂದು ಕಡೆ ಗೆರೆ ದಾಟಿ, ಇನ್ನೊಂದು ಕಡೆ ಕೊರತೆ ಬಿದ್ದು, ಕುಂಚದ ಎಳೆ ಕಂಡರೆ ಕೈಯಲ್ಲಿ ಹಚ್ಚಿದ್ದು. ಬಣ್ಣವೆಲ್ಲ ಒಂದೇ ದಿಕ್ಕಿಗೆ ಕೂದಲೆಳೆಯಷ್ಟು ಸರಿದಿದ್ದರೆ ಅಚ್ಚಿನದು, ಒತ್ತುವವನ ಕೈಯಲ್ಲಿ ಕಾಗದ ಆ ದಿನ ಕೆಂಟೊಗೆ ಸರಿಯಾಗಿ ಕೂತಿರಲಿಲ್ಲ.