ಶಾರ್ಟ್ ಸ್ಕೇಲ್ ಬೇಸ್ ಗಿಟಾರ್: ಪದದ ಅರ್ಥ ಮತ್ತು ಹೊಸದಾಗಿ ಕಲಿಯುವವರ ಆಯ್ಕೆ

ಬೇಸ್ ಗಿಟಾರಿನ ವಿವರಪಟ್ಟಿಯಲ್ಲಿ ಕಾಣುವ ‘ಶಾರ್ಟ್ ಸ್ಕೇಲ್’ ಎಂಬ ಮಾತು ವಾದ್ಯದ ಒಟ್ಟು ಗಾತ್ರವನ್ನಾಗಲಿ, ಅದು ಯಾವ ವಯಸ್ಸಿನವರಿಗೆ ತಕ್ಕುದು ಎಂಬುದನ್ನಾಗಲಿ ಹೇಳುವುದಿಲ್ಲ. ನೆಕ್ ಎಂಬ ಉದ್ದನೆಯ ಹಿಡಿಯ ತುದಿಯಲ್ಲಿ ತಂತಿಗಳು ಕುಳಿತಿರುವ ನಟ್ ಎಂಬ ಸಣ್ಣ ಪಟ್ಟಿಯಿಂದ ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜಿನಲ್ಲಿ ತಂತಿ ಕೂರುವ ತುಣುಕಾದ ಸ್ಯಾಡಲ್‌ವರೆಗೆ, ಬೆರಳೊತ್ತದೆ ಮೀಟಿದ ತಂತಿಯ ಎಷ್ಟು ಭಾಗ ಕಂಪಿಸುತ್ತದೆಯೋ ಆ ಉದ್ದಕ್ಕೆ ಸ್ಕೇಲ್ ಲೆಂತ್ ಎಂದು ಹೆಸರು. ಆ ಉದ್ದ ಕಡಿಮೆಯಿರುವ ವಾದ್ಯವೇ ಶಾರ್ಟ್ ಸ್ಕೇಲ್ ಬೇಸ್. ಇದನ್ನು ಅಳೆಯುವಾಗ ನಟ್‌ನಿಂದ, ನೆಕ್ಕಿನ ಮೇಲೆ ಅಡ್ಡಲಾಗಿ ಕೂರಿಸಿದ ಫ್ರೆಟ್ ಎಂಬ ಲೋಹದ ಪಟ್ಟಿಗಳಲ್ಲಿ 12ನೆಯದರವರೆಗಿನ ದೂರವನ್ನು ತೆಗೆದುಕೊಂಡು ಎರಡರಿಂದ ಗುಣಿಸುವುದು ರೂಢಿ. ಏಕೆಂದರೆ ಒತ್ತಿದ ಸ್ವರಗಳು ಶ್ರುತಿಗೆ ಕೂಡುವಂತೆ ಪ್ರತಿ ತಂತಿಯ ಸ್ಯಾಡಲನ್ನೂ ಸ್ವಲ್ಪ ಹಿಂದಕ್ಕೆ ಸರಿಸಿ ಕೂರಿಸಿರುತ್ತಾರೆ, ಹಾಗಾಗಿ ಸ್ಯಾಡಲ್‌ವರೆಗೆ ನೇರವಾಗಿ ಅಳೆದರೆ ತಂತಿಯಿಂದ ತಂತಿಗೆ ಅಳತೆ ಬೇರೆಯಾಗುತ್ತದೆ.

ಬೇಸ್ ಗಿಟಾರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 34 ಇಂಚಿನ, ಅಂದರೆ ಸುಮಾರು 864 ಮಿಲಿಮೀಟರಿನ ಲಾಂಗ್ ಸ್ಕೇಲ್. ಸುಮಾರು 32 ಇಂಚಿನದಕ್ಕೆ ಮೀಡಿಯಂ ಸ್ಕೇಲ್ ಎನ್ನುತ್ತಾರೆ. 30 ಇಂಚಿನ (762 ಮಿಲಿಮೀಟರ್) ಆಸುಪಾಸಿನಲ್ಲಿರುವುದೆಲ್ಲ ಶಾರ್ಟ್ ಸ್ಕೇಲ್. ಈ ಗಡಿಗಳು ತಯಾರಕರ ಮತ್ತು ವಾದಕರ ರೂಢಿಯಿಂದ ಬಂದವು. ಫೆಂಡರ್ ಮಸ್ಟಾಂಗ್ ಬೇಸ್‌ನ ಅಳತೆ 30 ಇಂಚು, ಗಿಬ್ಸನ್ನಿನ ಇಬಿ ಸರಣಿಯ ಹಲವು ಬೇಸ್‌ಗಳದು 30.5 ಇಂಚು, ಐಬನೆಜ್‌ನ ಮೈಕ್ರೋ ಬೇಸ್‌ನದು 28.6 ಇಂಚು. ಮೂರನ್ನೂ ಶಾರ್ಟ್ ಸ್ಕೇಲ್ ಎಂದೇ ಕರೆಯುತ್ತಾರೆ, ಆದರೆ ಮೂರೂ ಕೈಗೆ ಒಂದೇ ಬಗೆಯಾಗಿ ಒದಗುವುದಿಲ್ಲ. ಆದ್ದರಿಂದ ಕೊಳ್ಳುವಾಗ ಹೆಸರನ್ನಷ್ಟೇ ನಂಬದೆ ಅಂಕಿಯನ್ನು ಓದುವುದು ಒಳ್ಳೆಯದು.

ಉದ್ದ ಕಡಿಮೆಯಾದರೆ ಸ್ವರ ಏರುತ್ತದೆ, ಹಾಗಾಗಿ ಶಾರ್ಟ್ ಸ್ಕೇಲ್ ಬೇಸ್ ಮಂದ್ರ ಸ್ವರಗಳನ್ನು ಮುಟ್ಟಲಾರದು ಎಂದು ಅನೇಕರು ಭಾವಿಸುತ್ತಾರೆ. ಇದು ನಿಜವಲ್ಲ. ನಾಲ್ಕು ತಂತಿಯ ಶಾರ್ಟ್ ಸ್ಕೇಲ್ ಬೇಸನ್ನೂ ಲಾಂಗ್ ಸ್ಕೇಲಿನಂತೆಯೇ ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿ ಮಾಡುತ್ತಾರೆ. ಎರಡರಲ್ಲೂ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41.2 ಸಲ, ಎ ತಂತಿ 55 ಸಲ ಕಂಪಿಸುತ್ತದೆ. ಬದಲಾಗುವುದು ಆ ಸ್ವರವನ್ನು ಹೊರಡಿಸಲು ತಂತಿಯನ್ನು ಎಷ್ಟು ಬಿಗಿಯಬೇಕು ಎಂಬುದು. ಒಂದೇ ತಂತಿ ಒಂದೇ ಸ್ವರದಲ್ಲಿರಬೇಕಾದರೆ ಅದರ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿರಬೇಕೆಂಬುದು ಭೌತಶಾಸ್ತ್ರದ ನಿಯಮ. 34 ಇಂಚಿನಿಂದ 30 ಇಂಚಿಗೆ ಇಳಿದಾಗ ಉದ್ದ ಕಡಿಮೆಯಾಗುವುದು ಶೇಕಡ 12ರಷ್ಟಾದರೂ, ಬಿಗಿತ ಶೇಕಡ 22ರಷ್ಟು ತಗ್ಗುತ್ತದೆ. ಲಾಂಗ್ ಸ್ಕೇಲ್ ಬೇಸ್‌ನ ತಂತಿಗಳನ್ನು ಒಂದು ಪೂರ್ಣ ಸ್ವರದಷ್ಟು, ಎಂದರೆ ಎರಡು ಫ್ರೆಟ್‌ಗಳಷ್ಟು, ಕೆಳಗಿಳಿಸಿದರೂ ಬಿಗಿತ ಹೆಚ್ಚುಕಡಿಮೆ ಇಷ್ಟೇ, ಶೇಕಡ 21ರಷ್ಟು, ಇಳಿಯುತ್ತದೆ. ಶಾರ್ಟ್ ಸ್ಕೇಲಿನ ತಂತಿಗಳು ಬೆರಳಿಗೆ ಮೆತ್ತಗೆ ಎನಿಸುವುದಕ್ಕೆ ಇದೇ ಕಾರಣ.

ಎರಡನೆಯ ಬದಲಾವಣೆ ಫ್ರೆಟ್‌ಗಳ ನಡುವಿನ ಅಂತರದಲ್ಲಿದೆ, ಮತ್ತು ಹೊಸದಾಗಿ ಕಲಿಯುವವರಿಗೆ ಮೊದಲ ದಿನವೇ ತಿಳಿಯುವುದು ಇದು. ಬೇಸ್ ಕಲಿಯಲು ತೊಡಗಿದವರು ಬಹಳ ಹೊತ್ತು ಕಳೆಯುವುದು ನಟ್‌ಗೆ ಹತ್ತಿರದ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ, ಫ್ರೆಟ್‌ಗಳ ಅಂತರ ಅತಿ ಹೆಚ್ಚಾಗಿರುವುದೂ ಅಲ್ಲಿಯೇ. ಮೊದಲನೆಯ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 34 ಇಂಚಿನ ವಾದ್ಯದಲ್ಲಿ ಸುಮಾರು 130 ಮಿಲಿಮೀಟರ್, 30 ಇಂಚಿನದರಲ್ಲಿ ಸುಮಾರು 114 ಮಿಲಿಮೀಟರ್. ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರಿನ ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಆದರೆ ತೋರುಬೆರಳು ಮೊದಲ ಫ್ರೆಟ್‌ನಲ್ಲಿ ನೆಟ್ಟು ಕಿರುಬೆರಳು ನಾಲ್ಕನೆಯದನ್ನು ತಲುಪಬೇಕಾದಾಗ, ಮಣಿಕಟ್ಟು ನೇರವಾಗಿ ಉಳಿಯುತ್ತದೆಯೋ ಸೊಟ್ಟಗೆ ಬಾಗುತ್ತದೆಯೋ ಎಂಬುದನ್ನು ಆ ಒಂದೂವರೆ ಸೆಂಟಿಮೀಟರೇ ತೀರ್ಮಾನಿಸಬಹುದು. ಮೇಲಕ್ಕೆ ಹೋದಂತೆ ಈ ವ್ಯತ್ಯಾಸ ಕರಗುತ್ತದೆ. 12 ಮತ್ತು 13ನೇ ಫ್ರೆಟ್‌ಗಳ ನಡುವೆ ಎರಡು ವಾದ್ಯಗಳಿಗೂ ಇರುವ ಅಂತರದ ಭೇದ ಮೂರು ಮಿಲಿಮೀಟರಿಗೂ ಕಡಿಮೆ.

ಶಾರ್ಟ್ ಸ್ಕೇಲ್ ಬೇಸ್ ಕೈಯಲ್ಲಿ ಇಲ್ಲದೆಯೇ ಅದರ ಫ್ರೆಟ್ ಅಂತರವನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. 34 ಇಂಚಿನ ಬೇಸ್‌ನ ಎರಡನೇ ಫ್ರೆಟ್‌ನಿಂದ ಬ್ರಿಡ್ಜಿನವರೆಗೆ ಉಳಿಯುವ ತಂತಿಯ ಉದ್ದ 30.3 ಇಂಚು. ಆದ್ದರಿಂದ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕೇಪೋ ಎಂಬ ಹಿಡಿಕೆಯನ್ನು ಎರಡನೇ ಫ್ರೆಟ್‌ಗೆ ಹಾಕಿ, ಮೂರನೆಯದನ್ನೇ ಮೊದಲನೆಯದೆಂದು ಎಣಿಸಿಕೊಂಡು ನುಡಿಸಿದರೆ, ಬೆರಳಿಗೆ ದೊರೆಯುವ ಅಂತರ ಶಾರ್ಟ್ ಸ್ಕೇಲಿನದೇ ಆಗಿರುತ್ತದೆ. ಕೇಪೋವನ್ನು ಮೊದಲ ಫ್ರೆಟ್‌ಗೆ ಸರಿಸಿದರೆ ಅದು 32 ಇಂಚಿನ ಮೀಡಿಯಂ ಸ್ಕೇಲಿಗೆ ಸಮ. ಗೆಳೆಯರ ಅಥವಾ ಶಿಕ್ಷಕರ ಬಳಿ ಲಾಂಗ್ ಸ್ಕೇಲ್ ವಾದ್ಯವೊಂದಿದ್ದರೆ ಸಾಕು, ಹಣ ಖರ್ಚು ಮಾಡುವ ಮೊದಲೇ ಈ ಪ್ರಯೋಗವನ್ನು ಮಾಡಬಹುದು. ಕೇಪೋ ಹಾಕಿದಾಗ ಸುಲಭವಾಗಿ ಬಂದ ಪಾಠ ಅದನ್ನು ತೆಗೆದ ಮೇಲೆ ನೋವು ಕೊಡುವುದಾದರೆ, ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸಿಕ್ಕಂತೆಯೇ.

ಆದರೂ ಕೈ ಚಿಕ್ಕದೆಂಬ ಒಂದೇ ಕಾರಣಕ್ಕೆ ಲಾಂಗ್ ಸ್ಕೇಲನ್ನು ಬಿಡಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ಪ್ರತಿ ಫ್ರೆಟ್‌ಗೆ ಒಂದು ಬೆರಳು ಎಂಬ ಕ್ರಮವನ್ನು ಆರಂಭದಲ್ಲಿಯೇ ಕಡ್ಡಾಯವಾಗಿ ಕಲಿಸುವವರಿದ್ದಾರೆ, ಆದರೆ ಅದೊಂದೇ ದಾರಿಯಲ್ಲ. ಡಬಲ್ ಬೇಸ್ ಎಂಬ ನಿಂತು ನುಡಿಸುವ ದೊಡ್ಡ ವಾದ್ಯದಲ್ಲಿ ತಂತಿಯ ಉದ್ದ 40 ಇಂಚನ್ನೂ ಮೀರುವುದರಿಂದ, ಅದರ ವಾದಕರು ಕೆಳಗಿನ ಸ್ಥಾನಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳುಗಳಿಂದಷ್ಟೇ ಸ್ವರ ಹಿಡಿದು, ಉಂಗುರಬೆರಳನ್ನು ಕಿರುಬೆರಳಿಗೆ ಆಸರೆಯಾಗಿ ಬಳಸುವ ಕ್ರಮವನ್ನು ರೂಢಿಸಿಕೊಂಡಿದ್ದಾರೆ. ಅದೇ ಕ್ರಮ 34 ಇಂಚಿನ ಬೇಸ್ ಗಿಟಾರಿಗೂ ಚೆನ್ನಾಗಿ ಹೊಂದುತ್ತದೆ. ಬೆರಳನ್ನು ಹಿಗ್ಗಿಸುವ ಬದಲು ಕೈಯನ್ನೇ ಸ್ವಲ್ಪ ಸರಿಸುವುದನ್ನು ಕಲಿತವರಿಗೆ ಲಾಂಗ್ ಸ್ಕೇಲ್ ಅಷ್ಟೇನೂ ಕಷ್ಟವಲ್ಲ. ಹಾಗೆ ಕಲಿಯುವ ತಾಳ್ಮೆ ಇಲ್ಲದಿರುವುದು ದೋಷವೂ ಅಲ್ಲ. ಆರಂಭದ ತಿಂಗಳುಗಳಲ್ಲಿ ವಾದ್ಯವನ್ನು ದಿನವೂ ಕೈಗೆತ್ತಿಕೊಳ್ಳುವಂತೆ ಮಾಡುವ ಆಯ್ಕೆಯೇ ನನ್ನ ದೃಷ್ಟಿಯಲ್ಲಿ ಸರಿಯಾದ ಆಯ್ಕೆ. ಮಣಿಕಟ್ಟಿನಲ್ಲಿಯೋ ಮುಂಗೈಯಲ್ಲಿಯೋ ನೋವು ಬರುತ್ತಿದ್ದರೂ ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಸಹಿಸುತ್ತ ಹೋಗುವುದನ್ನು ಮಾತ್ರ ಯಾರೂ ಮಾಡಬಾರದು.

ಇನ್ನು ನಾದದ ವಿಷಯ. ಬಿಗಿತ ತಗ್ಗಿದ, ಉದ್ದ ಕುಗ್ಗಿದ ತಂತಿಯಲ್ಲಿ ಅದರ ದಪ್ಪದಿಂದ ಬರುವ ಗಡಸುತನದ ಪ್ರಭಾವ ಹೆಚ್ಚು. ಗಡಸುತನ ಹೆಚ್ಚಿದಷ್ಟೂ, ಮೂಲಸ್ವರದ ಜೊತೆಗೇ ತಂತಿಯಿಂದ ಹೊರಡುವ ಉಪಸ್ವರಗಳು ಮೂಲಸ್ವರದ ಪೂರ್ಣಾಂಕದ ಗುಣಕಗಳಿಂದ ತುಸು ಮೇಲಕ್ಕೆ ಸರಿಯುತ್ತವೆ. ಅತಿ ದಪ್ಪದ ಇ ತಂತಿಯಲ್ಲಿ ಇದು ಎದ್ದು ಕೇಳುತ್ತದೆ: ಲಾಂಗ್ ಸ್ಕೇಲಿನಲ್ಲಿ ಲೋಹದ ಹೊಳಪಿನೊಂದಿಗೆ ಸ್ಪಷ್ಟ ಅಂಚಿನಿಂದ ಹೊರಡುವ ಸ್ವರ, ಶಾರ್ಟ್ ಸ್ಕೇಲಿನಲ್ಲಿ ದುಂಡಗೆ, ಮೃದುವಾಗಿ, ಕೆಲವೊಮ್ಮೆ ಮಸುಕಾಗಿ ಬರುತ್ತದೆ. ಜಿ ಮತ್ತು ಡಿ ತಂತಿಗಳು ಮಾತ್ರ ಶಾರ್ಟ್ ಸ್ಕೇಲಿನಲ್ಲಿ ತುಂಬಿದ ಧ್ವನಿಯಲ್ಲಿ, ಹಾಡುವಂತೆ ನುಡಿಯುತ್ತವೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್, ತಂತಿಯ ಬಗೆ, ಬೆರಳು ಮೀಟುವ ಜಾಗ, ಆಂಪ್ಲಿಫೈಯರ್ ಇವೆಲ್ಲ ನಾದವನ್ನು ಬಹಳವಾಗಿ ಬದಲಿಸುವುದರಿಂದ ಸ್ಕೇಲ್ ಒಂದನ್ನೇ ಹೊಗಳುವುದೂ ತೆಗಳುವುದೂ ಸರಿಯಲ್ಲ. ಆದರೆ ಇ ತಂತಿಯ ಗುಣದಲ್ಲಿ ವ್ಯತ್ಯಾಸವಿದೆ ಎಂಬುದು ನಿಜ, ಮತ್ತು ಅದು ಕೊರತೆಯೋ ಸೊಗಸೋ ಎಂಬುದನ್ನು ನುಡಿಸುವ ಸಂಗೀತವೇ ನಿರ್ಧರಿಸುತ್ತದೆ.

ಅದನ್ನು ಸೊಗಸೆಂದು ತೋರಿಸಿಕೊಟ್ಟವರ ಪರಂಪರೆ ದೊಡ್ಡದು. 34 ಇಂಚಿನ ಅಳತೆ ರೂಢಿಗೆ ಬಂದದ್ದು 1951ರಲ್ಲಿ ಫೆಂಡರ್ ಸಂಸ್ಥೆಯ ಪ್ರಿಸಿಷನ್ ಬೇಸ್‌ನಿಂದ. 1953ರಲ್ಲಿ ಗಿಬ್ಸನ್ ತನ್ನ ಮೊದಲ ಎಲೆಕ್ಟ್ರಿಕ್ ಬೇಸನ್ನು ತಂದಾಗ ಅದು ಶಾರ್ಟ್ ಸ್ಕೇಲಿನದಾಗಿತ್ತು. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡು, ಬೀಟಲ್ಸ್ ತಂಡದಲ್ಲಿ ನುಡಿಸಿದ ಪಿಟೀಲಿನಾಕಾರದ ಹಾಫ್ನರ್ ಬೇಸ್ ಶಾರ್ಟ್ ಸ್ಕೇಲಿನದು. ಕ್ರೀಮ್ ತಂಡದ ಜಾಕ್ ಬ್ರೂಸ್ ಬಳಸಿದ ಗಿಬ್ಸನ್ ಇಬಿ-3 ಕೂಡ ಅಂಥದೇ. ಜಾಝ್‌ನಲ್ಲಿ ಸ್ಟಾನ್ಲಿ ಕ್ಲಾರ್ಕ್ ಅಲೆಂಬಿಕ್ ಸಂಸ್ಥೆಯ ಶಾರ್ಟ್ ಸ್ಕೇಲ್ ಬೇಸ್‌ನಲ್ಲಿ ಅತಿ ವೇಗದ, ಮುಂಚೂಣಿಯ ವಾದನವನ್ನು ಬೆಳೆಸಿದರು. 1966ರಲ್ಲಿ ಬಂದ ಮಸ್ಟಾಂಗ್ ಬೇಸನ್ನು ಫೆಂಡರ್ ವಿದ್ಯಾರ್ಥಿಗಳಿಗಾಗಿಯೇ ರೂಪಿಸಿತ್ತು, ಮುಂದೆ ಟಾಕಿಂಗ್ ಹೆಡ್ಸ್ ತಂಡದ ಟೀನಾ ವೇಮತ್ ಅದನ್ನು ವೇದಿಕೆಗೆ ತಂದರು. ಶಾರ್ಟ್ ಸ್ಕೇಲ್ ಎಂದರೆ ಮಕ್ಕಳ ವಾದ್ಯ, ಬೆಳೆದ ಮೇಲೆ ಬಿಟ್ಟುಬಿಡಬೇಕಾದದ್ದು ಎಂಬ ಮಾತು ಈ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಹೊಸಬರನ್ನು ಹೆದರಿಸಿ ಒಗ್ಗದ ವಾದ್ಯದತ್ತ ತಳ್ಳುವ ಮಾತು ಅದು, ಇನ್ನಾದರೂ ನಿಲ್ಲಬೇಕು.

ತಂತಿಯ ಆಯ್ಕೆಗೆ ಜನ ಕೊಡುವ ಗಮನ ಸಾಲದು. ಶಾರ್ಟ್ ಸ್ಕೇಲ್ ಬೇಸ್‌ನ ಇ ತಂತಿ ಸಡಿಲವಾಗಿ ಅಲ್ಲಾಡುತ್ತದೆ ಎಂಬ ದೂರು ಎಷ್ಟೋ ಸಲ ವಾದ್ಯದ ದೋಷವಲ್ಲ. ಹಳೆಯದಾದ ಅಥವಾ ತೀರ ತೆಳುವಾದ ತಂತಿಯ ದೋಷ. ಹಾಗೆಂದು ಲಾಂಗ್ ಸ್ಕೇಲಿನ ಬಿಗಿತವನ್ನೇ ಪೂರ್ತಿ ಮರಳಿ ಪಡೆಯಲು ಹೊರಟರೆ ತಂತಿಯ ವ್ಯಾಸವನ್ನು ಸುಮಾರು ಶೇಕಡ 13ರಷ್ಟು ಹೆಚ್ಚಿಸಬೇಕಾಗುತ್ತದೆ, ಅಂದರೆ 0.105 ಇಂಚಿನ ಇ ತಂತಿಯ ಜಾಗಕ್ಕೆ 0.119 ಇಂಚಿನದು ಬರಬೇಕಾಗುತ್ತದೆ. ಅಷ್ಟು ದಪ್ಪವಾದಾಗ ಗಡಸುತನವೂ ಏರಿ ನಾದ ಇನ್ನಷ್ಟು ಮಸುಕಾಗುತ್ತದೆ. ಆದ್ದರಿಂದ 0.100ರಿಂದ 0.105 ಇಂಚಿನ ಇ ತಂತಿಯಿರುವ, ಶಾರ್ಟ್ ಸ್ಕೇಲಿಗೆಂದೇ ತಯಾರಾದ ಸೆಟ್ಟಿನಿಂದ ಆರಂಭಿಸುವುದು ಲೇಸು. ನುಣುಪಾದ ಮೈಯ ಫ್ಲಾಟ್‌ವೌಂಡ್ ತಂತಿಗಳು ಸಾಮಾನ್ಯವಾಗಿ ಹೆಚ್ಚು ಬಿಗಿಯಾಗಿರುತ್ತವೆ, ಹಾಗಾಗಿ ಈ ವಾದ್ಯಕ್ಕೆ ಅವು ಬಹಳ ಚೆನ್ನಾಗಿ ಒಗ್ಗುತ್ತವೆ. ಲಾಂಗ್ ಸ್ಕೇಲಿನ ಸೆಟ್ಟನ್ನು ಕತ್ತರಿಸಿ ಹಾಕುವುದನ್ನು ನಾನು ಸೂಚಿಸುವುದಿಲ್ಲ. ಅದರ ಪೂರ್ಣ ದಪ್ಪದ ಭಾಗವೇ ಬಿರಡೆಗೆ ಸುತ್ತಿಕೊಳ್ಳಬೇಕಾಗುತ್ತದೆ, ಸುತ್ತುತಂತಿ ಒಳಗಿನ ಎಳೆಯಿಂದ ಸಡಿಲಗೊಂಡು ನಾದ ಸತ್ತಂತಾಗುವ ಅಪಾಯವಿರುತ್ತದೆ. ತಂತಿ ಬಾಡಿಯ ಹಿಂಬದಿಯಿಂದ ಹಾದು ಬರುವ ರಚನೆಯಿದ್ದರೆ ಅದಕ್ಕೆ ಬೇಕಾಗುವ ಹೆಚ್ಚುವರಿ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಾದ್ಯವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದಾಗ ಕುಳಿತು ನೋಡಿದರೆ ಸಾಲದು, ಸ್ಟ್ರಾಪ್ ಹಾಕಿಕೊಂಡು ನಿಲ್ಲಬೇಕು. ಬಾಡಿ ಚಿಕ್ಕದೂ ಹಗುರವೂ ಆಗಿದ್ದು, ಮೇಲಿನ ಸ್ಟ್ರಾಪ್ ಗುಂಡಿ ನೆಕ್ಕಿನ ಬುಡಕ್ಕೆ ಹತ್ತಿರವಿದ್ದರೆ, ಕೈ ಬಿಟ್ಟ ಕೂಡಲೇ ನೆಕ್ ನೆಲದ ಕಡೆಗೆ ಜಾರುತ್ತದೆ. ಗಿಬ್ಸನ್ನಿನ ಎಸ್‌ಜಿ ಗಿಟಾರಿನಂತೆ ಎರಡು ಕೊಂಬಿನ ಆಕಾರವಿರುವ ಬೇಸ್‌ಗಳಲ್ಲಿ ಇದು ಸಾಮಾನ್ಯ ದೂರು. ನೆಕ್ಕನ್ನು ಎಡಗೈ ಎತ್ತಿ ಹಿಡಿಯಬೇಕಾದ ವಾದ್ಯದಲ್ಲಿ ಶಾರ್ಟ್ ಸ್ಕೇಲಿನ ಅನುಕೂಲವೆಲ್ಲ ವ್ಯರ್ಥವಾಗುತ್ತದೆ. ಇದನ್ನು ನಾನು ನಾದಕ್ಕಿಂತಲೂ ಮೊದಲು ನೋಡಬೇಕಾದ ಅಂಶವೆಂದು ಭಾವಿಸುತ್ತೇನೆ. ನೆಕ್ಕಿನ ಅಗಲ ಸ್ಕೇಲಿಗೆ ಸಂಬಂಧಿಸಿದ್ದಲ್ಲ ಎಂಬುದೂ ನೆನಪಿರಬೇಕು. ಶಾರ್ಟ್ ಸ್ಕೇಲಿನಲ್ಲಿ ಅಗಲವಾದ, ದಪ್ಪ ನೆಕ್ಕೂ ಇರಬಹುದು, ಲಾಂಗ್ ಸ್ಕೇಲಿನಲ್ಲಿ ನಟ್ ಬಳಿ 38 ಮಿಲಿಮೀಟರಿನಷ್ಟೇ ಇರುವ ಸಪೂರ ನೆಕ್ಕೂ ಇರಬಹುದು.

ಆಮೇಲೆ ಪ್ರತಿ ತಂತಿಯ 12ನೇ ಫ್ರೆಟ್‌ನ ಮೇಲೆ ಬೆರಳನ್ನು ಸೋಕಿಸಿ ಹಾರ್ಮೋನಿಕ್ ಸ್ವರವನ್ನೂ, ಅದೇ ಫ್ರೆಟ್ ಒತ್ತಿ ಬರುವ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ ನೋಡಬೇಕು. ಎರಡೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಸ್ಯಾಡಲ್ ಸರಿಸಿ ಹೊಂದಿಸಲು ಸಾಧ್ಯವಿರಬೇಕು. ಕೆಲವು ಶಾರ್ಟ್ ಸ್ಕೇಲ್ ಬೇಸ್‌ಗಳ ಬ್ರಿಡ್ಜಿನಲ್ಲಿ ಎರಡು ತಂತಿಗಳಿಗೆ ಒಂದೇ ಸ್ಯಾಡಲ್ ಇರುವುದರಿಂದ ನಾಲ್ಕನ್ನೂ ಕರಾರುವಾಕ್ಕಾಗಿ ಹೊಂದಿಸಲು ಆಗುವುದಿಲ್ಲ. ಸಡಿಲ ತಂತಿಯನ್ನು ಬಲವಾಗಿ ಒತ್ತಿದರೂ ಸ್ವರ ಮೇಲಕ್ಕೆ ಸರಿಯುತ್ತದೆ, ಬಲವಾಗಿ ಮೀಟಿದರೆ ತಂತಿ ಅಗಲವಾಗಿ ಆಡಿ ಫ್ರೆಟ್‌ಗಳಿಗೆ ತಾಗಿ ಕಿರುಗುಟ್ಟುತ್ತದೆ. ಶಾರ್ಟ್ ಸ್ಕೇಲ್ ಕೇಳುವುದು ಹಗುರ ಸ್ಪರ್ಶವನ್ನು, ಮತ್ತು ಆರಂಭದಲ್ಲಿಯೇ ಆ ಸ್ಪರ್ಶ ರೂಢಿಯಾಗುವುದು ಕಲಿಯುವವರಿಗೆ ದೊಡ್ಡ ಲಾಭ.

ಶಾರ್ಟ್ ಸ್ಕೇಲ್ ಬೇಡವೆಂದು ನಾನು ಹೇಳುವ ಸಂದರ್ಭವೂ ಇದೆ. ತಂತಿಗಳನ್ನು ಡಿ ಅಥವಾ ಸಿ ಸ್ವರಕ್ಕೆ ಇಳಿಸಿ ನುಡಿಸುವ, ಹೆವಿ ಮೆಟಲ್‌ನಂಥ ಭಾರೀ ಸಂಗೀತದತ್ತ ಮನಸ್ಸಿರುವವರಿಗೆ, ಇಲ್ಲವೇ ಸೆಕೆಂಡಿಗೆ 31ರಷ್ಟು ಸಲ ಕಂಪಿಸುವ ಕೆಳಗಿನ ಬಿ ತಂತಿಯಿರುವ ಐದು ತಂತಿಯ ಬೇಸ್ ಬೇಕಾದವರಿಗೆ ಉದ್ದವೇ ಆಸರೆ. ಐದು ತಂತಿಯ ಎಷ್ಟೋ ಬೇಸ್‌ಗಳನ್ನು 35 ಇಂಚಿಗೆ ಹಿಗ್ಗಿಸಿರುವುದು ಆ ಬಿ ತಂತಿ ಸ್ಪಷ್ಟವಾಗಿ ನುಡಿಯಲೆಂದೇ. ಉಳಿದವರು ಶಾರ್ಟ್ ಸ್ಕೇಲಿನಲ್ಲಿ ಕಲಿತರೆ ಮುಂದೆ ಲಾಂಗ್ ಸ್ಕೇಲಿಗೆ ಹೋಗಲಾರೆವೆಂದು ಅಂಜಬೇಕಾಗಿಲ್ಲ. ಸ್ವರಗಳ ಜಾಗ, ಬೆರಳುಗಳ ಅನುಕ್ರಮ, ಲಯ, ಬಲಗೈಯ ಮೀಟು ಎಲ್ಲವೂ ಎರಡರಲ್ಲೂ ಒಂದೇ. ಹೊಸದಾಗಿ ಹೊಂದಿಸಿಕೊಳ್ಳಬೇಕಾದದ್ದು ಮೊದಲ ಐದು ಫ್ರೆಟ್‌ಗಳ ಅಂತರ ಮತ್ತು ತಂತಿ ಒತ್ತುವ ಬಲ. ಕೈ ಅಷ್ಟರೊಳಗೆ ಪಳಗಿರುವುದರಿಂದ ಆ ಹೊಂದಾಣಿಕೆ ಆರಂಭದ ಕಲಿಕೆಯಷ್ಟು ಕಷ್ಟವಾಗುವುದಿಲ್ಲ.