ಕ್ರಿಯಾಟಿನಿನ್ 1.1, ಆದರೆ ಯಾರ ಮೈಯಲ್ಲಿ?

ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕಾದು ನಿಂತ ಮನೆಯವರು ಲ್ಯಾಬ್ ರಿಪೋರ್ಟ್ ಮುಂದೆ ಹಿಡಿದು, "ಡಾಕ್ಟ್ರೇ, ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ, ಕಿಡ್ನಿಗೇನೂ ಆಗಿಲ್ಲ ತಾನೇ?" ಎಂದು ಕೇಳಿದರೆ ನನಗೆ ಬೇಸರವಿಲ್ಲ, ಅವರು ಕೇಳಲೇಬೇಕು. ಅದೇ ಮಾತನ್ನು ಎನಾಕ್ಸಪರಿನ್ ಡೋಸ್ ಬರೆಯುತ್ತಿರುವ ಡ್ಯೂಟಿ ಡಾಕ್ಟರ್ ಹೇಳಿದಾಗ ಮಾತ್ರ ತಾಳ್ಮೆ ತಪ್ಪುತ್ತದೆ. ರಕ್ತ ಹೆಪ್ಪುಗಟ್ಟದಂತೆ ಚರ್ಮದಡಿ ಚುಚ್ಚುವ ಈ ಔಷಧಿ ದೇಹದಿಂದ ಹೊರಹೋಗಲು ಬಹುಮಟ್ಟಿಗೆ ಮೂತ್ರಪಿಂಡವನ್ನೇ ನೆಚ್ಚಿದೆ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ, ಅದನ್ನು ರಕ್ತದಿಂದ ಹೊರಹಾಕುವುದು ಮೂತ್ರಪಿಂಡ. ಸ್ನಾಯು ಕರಗಿದ ಮುದಿ ದೇಹದಲ್ಲಿ ಅದು ಹುಟ್ಟುವುದೇ ಕಡಿಮೆಯಾದ್ದರಿಂದ, ಮೂತ್ರಪಿಂಡ ಸೋತಿದ್ದರೂ ರಿಪೋರ್ಟಿನ ಅಂಕಿ ಸಭ್ಯವಾಗಿಯೇ ಕಾಣುತ್ತದೆ. ವಯಸ್ಸು, ತೂಕ, ಲಿಂಗ, ಕ್ರಿಯಾಟಿನಿನ್ ನೋಡಿ ಮೂತ್ರಪಿಂಡ ಎಷ್ಟು ವೇಗವಾಗಿ ರಕ್ತ ಶುದ್ಧೀಕರಿಸುತ್ತಿದೆ ಎಂದು ಅಂದಾಜಿಸುವ, 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ 25 ವರ್ಷದ, 70 ಕಿಲೋ ತೂಕದ ಯುವಕನ 1.1 ಕ್ರಿಯಾಟಿನಿನ್ ಹಾಕಿ ನೋಡಿ: ನಿಮಿಷಕ್ಕೆ ಸುಮಾರು 100 ಮಿಲಿಲೀಟರ್ ಶುದ್ಧೀಕರಣ. ಅದೇ 1.1 ಅಂಕಿ 78 ವರ್ಷದ, 42 ಕಿಲೋ ತೂಕದ ಅಜ್ಜಿಯದಾದರೆ ಬರುವುದು 28. ಶುದ್ಧೀಕರಣ 30ಕ್ಕಿಂತ ಕೆಳಗಿಳಿದರೆ ಕಿಲೋಗೆ 1 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಕೊಡುವ ಚಿಕಿತ್ಸಾ ಡೋಸನ್ನು ದಿನಕ್ಕೊಮ್ಮೆಗೆ ಇಳಿಸಬೇಕು.

ಇಂಥ ಒಬ್ಬ ಅಜ್ಜಿ ನಮ್ಮಲ್ಲಿದ್ದರು. ಫೈಲಿನಲ್ಲಿ ತೂಕ 55 ಎಂದಿತ್ತು. ಯಾವುದೋ ಹಳೆಯ ಚೀಟಿಯಿಂದ ಇಳಿಸಿಕೊಂಡದ್ದು. ಆ ತೂಕಕ್ಕೆ ಸೂತ್ರ 37 ಎಂದಿತು, ಡೋಸ್ ದಿನಕ್ಕೆರಡು ಸಲವೇ ಮುಂದುವರಿಯಿತು. ಮೂರನೆಯ ದಿನ ಹೊಕ್ಕುಳಿನ ಪಕ್ಕದಲ್ಲಿ, ಸೂಜಿ ಚುಚ್ಚಿದ ಕಡೆ, ಅಂಗೈಯಗಲ ನೀಲಿಗಟ್ಟಿ ಹೊಟ್ಟೆಯ ಗೋಡೆಯೊಳಗೆ ರಕ್ತ ಸೇರಿತ್ತು. "ಮದುವೆಗೆ ಹೊಲಿಸಿದ ರವಿಕೆಯೇ ಅತ್ತೆಗೆ ಈಗ ಜೋಲುತ್ತದೆ" ಎಂದು ಸೊಸೆ ಹೇಳಿದ ಮೇಲೆ ಹಾಸಿಗೆಯ ತಕ್ಕಡಿಯಲ್ಲಿ ತೂಗಿದೆವು: 42. ಇಂಥ ಔಷಧಿಗಳ ಪರಿಣಾಮ ತಗ್ಗಿಸುವ ಪ್ರೋಟಮಿನ್ ಕೊಟ್ಟೆವು, ಆದರೆ ಅದು ಎನಾಕ್ಸಪರಿನ್ನಿನ ಪರಿಣಾಮವನ್ನು ಪೂರ್ತಿ ಅಳಿಸಲಾರದು. ರಕ್ತ ಕೊಟ್ಟು ಕಾಯಬೇಕಾಯಿತು, ಅಜ್ಜಿ ಉಳಿದರು.

ತೂಕ ಸರಿಯಿದ್ದರೂ ಸೂತ್ರಕ್ಕೆ ಇನ್ನೊಂದು ದೌರ್ಬಲ್ಯವಿದೆ: ಕ್ರಿಯಾಟಿನಿನ್ ಒಂದೇ ಮಟ್ಟದಲ್ಲಿ ನಿಂತಿದೆ ಎಂದು ಅದು ನಂಬುತ್ತದೆ. ಸೋಂಕು ರಕ್ತಕ್ಕೇರಿ ಬಿಪಿ ಕುಸಿದ ರೋಗಿಯ ಮೂತ್ರಪಿಂಡ ಈ ರಾತ್ರಿ ಕೆಲಸ ನಿಲ್ಲಿಸಿದರೆ, ಅಂಕಿ ಏರಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ನಿಜ ಹೇಳುವುದು ಹಾಸಿಗೆಯ ಪಕ್ಕ ತೂಗುವ ಮೂತ್ರದ ಚೀಲ. ಗಂಟೆಗೆ ಕಿಲೋಗೆ ಅರ್ಧ ಮಿಲಿಲೀಟರ್, ಅಂದರೆ ಆ ಅಜ್ಜಿಗೆ 21 ಮಿಲಿಲೀಟರ್ ಕೂಡ ಗಂಟೆಗಟ್ಟಲೆ ಇಳಿಯದಿದ್ದರೆ, ರಿಪೋರ್ಟಿನಲ್ಲಿ ಏನೇ ಇರಲಿ, ಮುಂದಿನ ಡೋಸ್‌ಗೆ ಮೊದಲು ಹಿರಿಯ ವೈದ್ಯರನ್ನು ಕರೆಯಿರಿ. ಸಾಧ್ಯವಿರುವಲ್ಲಿ, ಕೆಲವು ಡೋಸ್‌ಗಳಾದ ಮೇಲೆ, ಚುಚ್ಚಿದ ನಾಲ್ಕು ಗಂಟೆಗೆ ರಕ್ತದಲ್ಲಿ ಔಷಧಿಯ ಪರಿಣಾಮ ಎಷ್ಟಿದೆಯೆಂದು ತೋರಿಸುವ ಆಂಟಿ-ಟೆನ್-ಎ ಮಟ್ಟ ನೋಡುವುದು ಒಳ್ಳೆಯದು.

ಹಾಗೆಂದು ಕಿಡ್ನಿ ಕೆಟ್ಟಿತೆಂದು ಔಷಧಿಯನ್ನೇ ನಿಲ್ಲಿಸಿ ಕೂರುವುದೂ ಅಪಾಯವೇ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಬಹುದು. ಅಂಥವರಿಗೆ ನಾನು ಸಾಮಾನ್ಯವಾಗಿ ಹಳೆಯ ಹೆಪಾರಿನ್ ಡ್ರಿಪ್‌ಗೆ ಮರಳುತ್ತೇನೆ. ಅದು ಮೂತ್ರಪಿಂಡವನ್ನು ಅಷ್ಟಾಗಿ ಅವಲಂಬಿಸಿಲ್ಲ, ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಪ್ರೋಟಮಿನ್‌ಗೂ ಬಗ್ಗುತ್ತದೆ. ಪದೇ ಪದೇ ರಕ್ತ ತೆಗೆದು ಎಪಿಟಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ನೋಡಬೇಕಾದ್ದರಿಂದ ದಾದಿಯರಿಗೆ ಕೆಲಸ ಹೆಚ್ಚು, ನಿಜ. ಆ ಅಜ್ಜಿಗೂ ಕೊನೆಗೆ, ರಕ್ತಸ್ರಾವ ನಿಂತಿದೆಯೆಂದು ಖಾತ್ರಿಯಾದ ಮೇಲೆ, ಅದನ್ನೇ ಕೊಟ್ಟೆವು. ಈ ಸಲ ಫೈಲಿನ ಮೊದಲ ಪುಟದಲ್ಲಿ 55 ಹೊಡೆದು ಕೆಂಪು ಶಾಯಿಯಲ್ಲಿ 42 ಎಂದು ಬರೆದಿತ್ತು.